ಡ್ರಿಲ್ ಇಲ್ಲದೆ ದವಡೆ ಹಲ್ಲಿನ ಫಿಲ್ಲಿಂಗ್: ನನ್ನ ಅನುಭವ

ಗ್ಲಾಸ್ ಅಯಾನೋಮರ್ (ಪುಡಿ ಮತ್ತು ಲಿಕ್ವಿಡ್ ಕಲಸಿ ಹಲ್ಲಿಗೆ ತುಂಬುವ ಸಿಮೆಂಟ್) ಅಂದರೆ ತಾತ್ಕಾಲಿಕ, ಆರು ತಿಂಗಳಿಗೆ ಉದುರುತ್ತದೆ ಎಂದು ಶಿವಮೊಗ್ಗದ ದಂತವೈದ್ಯ ಸ್ನೇಹಿತರು ಎಷ್ಟು ಸಲ ಹೇಳಿದ್ದಾರೋ. ನಾನು ಬರೀ ಕೈ ಉಪಕರಣದಲ್ಲಿ ಹುಳುಕು ಕೆರೆದು ತುಂಬಿದ ದವಡೆ ಹಲ್ಲುಗಳಲ್ಲಿ ಬಹಳಷ್ಟು ಐದಾರು ವರ್ಷ ದಾಟಿವೆ. ಈಗ ಅದೇ ಸ್ನೇಹಿತರು ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ.

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ನನ್ನ ಇನ್ವರ್ಟರ್ ಡ್ರಿಲ್ ಓಡಿಸುವ ಕಂಪ್ರೆಸರ್ ಎಳೆಯುವುದಿಲ್ಲ. ಜನರೇಟರ್ ವಿಚಾರಿಸಿದರೆ 60 ಸಾವಿರದ ಹತ್ತಿರ ಅಂದರು, ಡೀಸೆಲ್ ಬೇರೆ. ಎರಡು ಬಸ್ ಬದಲಿಸಿ ಬಂದವರನ್ನು ಸುಮ್ನೆ ವಾಪಸ್ ಕಳಿಸಲು ಆಗುತ್ತದಾ? 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಶುರುವಾದ ಎಆರ್‌ಟಿ ಪದ್ಧತಿ (ಕೈ ಉಪಕರಣದಲ್ಲೇ ಹುಳುಕು ತೆಗೆದು ತುಂಬುವುದು) ಇಂಥ ಊರುಗಳಿಗೇ ಹುಟ್ಟಿದ್ದು. ಇನ್ನೊಂದು ಕಾರಣ ಅಡಿಕೆ. ಅಗಿದು ಅಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದವರಿಗೆ ಏರೋಟರ್ (ಹಲ್ಲಿನ ಡ್ರಿಲ್) ತಲೆ ಹಿಂದಿನ ಹಲ್ಲು ಮುಟ್ಟುವುದೇ ಇಲ್ಲ. ಹುಳುಕು ಕೆರೆಯುವ ಪುಟ್ಟ ಕೈ ಚಮಚ, ಅಂದರೆ ಸ್ಪೂನ್ ಎಕ್ಸ್‌ಕವೇಟರ್ ಹೋಗುತ್ತದೆ.

ರಾತ್ರಿ ನೋವಿರುವ ಹಲ್ಲಿಗೆ ಇದು ಬೇಡ. ಉಳಿದದ್ದಕ್ಕೆ ಅಂಚನ್ನು ಪೂರ್ತಿ ಶುದ್ಧ ಮಾಡಿ, ನರದ ಮೇಲಿನ ಮೆದು ಪದರ ಮುಟ್ಟಬೇಡಿ.

ನನ್ನ ಜೇಬು ಸುಟ್ಟದ್ದು ಥಂಡಿ. ಬೇಸಿಗೆಯಲ್ಲಿ ಫ್ರಿಜ್‌ನಲ್ಲಿಟ್ಟ ಗಾಜಿನ ಸ್ಲ್ಯಾಬ್ ಕಲಸಲು ಚೆನ್ನಾಗಿ ಸಮಯ ಕೊಡುತ್ತದೆ. ಮಳೆಗಾಲದಲ್ಲಿ ಅದೇ ಸ್ಲ್ಯಾಬ್ ಹೊರಗೆ ತೆಗೆದ ಕೂಡಲೇ ಬೆವರುತ್ತದೆ. ಆ ನೀರು ಸೇರಿದ ಸಿಮೆಂಟಿನ ಮೇಲ್ಪದರ ಪುಡಿಯಾಗಿ ಉದುರುತ್ತಿತ್ತು. ಮೊದಲ ಮಳೆಗಾಲದಲ್ಲಿ ಅರ್ಧ ಬಾಟಲಿ ಪುಡಿಯೂ ಹಾಳಾಯಿತು, ಸುಮಾರು 1500 ರೂಪಾಯಿ ಹೋಯಿತು. ಈಗ ಪುಡಿ ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿ. ಜೂನ್ ಬಂದರೆ ಸ್ಲ್ಯಾಬ್ ಫ್ರಿಜ್‌ಗೆ ಹೋಗುವುದಿಲ್ಲ, ಸ್ವಲ್ಪ ಸ್ವಲ್ಪವೇ ಕಲಸುತ್ತೇನೆ. ಲಿಕ್ವಿಡ್ ಮಾತ್ರ ಯಾವ ಕಾಲದಲ್ಲೂ ಫ್ರಿಜ್‌ನಲ್ಲಿ ಇಡಬೇಡಿ, ಗಟ್ಟಿಯಾಗುತ್ತದೆ.

ಹದ ಅಕ್ಕಿ ರೊಟ್ಟಿ ಹಿಟ್ಟಿನಷ್ಟು ಗಟ್ಟಿ ಇರಬೇಕು, ಆದರೆ ಹೊಳೆಯುತ್ತಿರಬೇಕು. ಹೊಳಪು ಹೋಯಿತಾ, ಎಸೆದುಬಿಡಿ, ಹಲ್ಲಿಗೆ ಅಂಟುವುದಿಲ್ಲ. ಸಿಮೆಂಟ್ ಹಲ್ಲಿಗೆ ಅಂಟಲಿ ಎಂದು ಮೊದಲು ಹಚ್ಚುವ ಕಂಡಿಷನರ್ 10-15 ಸೆಕೆಂಡ್, ತೊಳೆದು ಹತ್ತಿಯಲ್ಲಿ ಒತ್ತಿ. ತುಂಬಿದ ಮೇಲೆ ವ್ಯಾಸಲೀನ್ ಸವರಿದ ಬೆರಳಲ್ಲಿ ಅದುಮಿ ಹಿಡಿಯಿರಿ. ಬೆರಳನ್ನು ಪಕ್ಕಕ್ಕೆ ಜಾರಿಸಿ ತೆಗೆಯಬೇಕು. ಮೇಲಕ್ಕೆತ್ತಿದರೆ ಸಿಮೆಂಟೂ ಎದ್ದು ಬರುತ್ತದೆ. ಬಿಗಿದ ಬಾಯಲ್ಲಿ ಜೊಲ್ಲು ತಡೆಯಲು ಹತ್ತಿಯನ್ನು ನಾನು ಬೇರೆಯೇ ರೀತಿ ಕತ್ತರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕ್ಲಿನಿಕ್‌ಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ 38 ಪರ್ಸೆಂಟ್ ಸಿಲ್ವರ್ ಡೈಅಮೈನ್ ಫ್ಲೋರೈಡ್ (ಹುಳುಕು ತಡೆಯುವ ದ್ರವ) ಹಚ್ಚಿ, ಅದರ ಮೇಲೆ ಸಿಮೆಂಟ್ ತುಂಬಿಯೂ ನೋಡಿದೆ. ಹುಳುಕು ಹರಡುವುದು ಚೆನ್ನಾಗಿಯೇ ನಿಂತಿತು. ಆದರೆ ಹಲ್ಲು ಕಪ್ಪು. "ಡಾಕ್ಟ್ರೇ, ಹುಳ ಇನ್ನೂ ಅಲ್ಲೇ ಇದೆಯಲ್ಲ?" ಎಂದು ಒಬ್ಬ ಅಜ್ಜಿ ಮೊಮ್ಮಗನನ್ನು ಮತ್ತೆ ಕರೆತಂದರು. ಪೊಟ್ಯಾಸಿಯಂ ಅಯೋಡೈಡ್ ಹಚ್ಚಿದರೆ ಕಪ್ಪು ಸ್ವಲ್ಪ ಇಳಿಯುತ್ತದೆ, ಪೂರ್ತಿ ಅಲ್ಲ. ಈಗ ಮಕ್ಕಳ ಹಿಂದಿನ ಹಾಲು ಹಲ್ಲಿಗಷ್ಟೇ ಇಟ್ಟುಕೊಂಡಿದ್ದೇನೆ, ಅದೂ ಮನೆಯವರಿಗೆ ಫೋಟೋ ತೋರಿಸಿ ಒಪ್ಪಿಸಿದ ಮೇಲೆ.

ಕಾಂಪೊಸಿಟ್‌ಗೆ (ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್) 1000 ರೂಪಾಯಿ ತೆಗೆದುಕೊಂಡರೆ ಇದಕ್ಕೆ 400. ಸಾಮಾನಿನ ಖರ್ಚು 50ರ ಆಸುಪಾಸು.

ಎರಡು ಹಲ್ಲುಗಳ ಸಂದಿಯ ಹುಳುಕಲ್ಲಿ ಮಾತ್ರ ಬರೀ ಸಿಮೆಂಟ್ ಸಾಲದು. ಮೂರರಲ್ಲಿ ಒಂದರ ಅಂಚಾದರೂ ಮುರಿದು ಬರುತ್ತಿತ್ತು. ಅಂಥ ಹಲ್ಲಿಗೆ ಮಳೆಗಾಲದಲ್ಲಿ ಸಿಮೆಂಟ್ ತುಂಬಿ ಕಳಿಸುತ್ತೇನೆ. ಅಡಿಕೆ ಕೊಯ್ಲು ಮುಗಿದ ಮೇಲೆ ಕರೆಸಿ, ಮೇಲಿನ ಪದರ ತೆಗೆದು ಕಾಂಪೊಸಿಟ್ ಹಾಕುತ್ತೇನೆ. ಎರಡೂ ಸೇರಿ 900. ಬಾರದವರಿಗೆ ನಾನೇ ಫೋನ್ ಮಾಡುತ್ತೇನೆ.