ಒಂದು ಲೋಟ ಚಹಾ ಮುಗಿಯೋವರೆಗೆ ಇಂಗ್ಲಿಷ್

"ಹರಟೆ ಹೊಡೆಯೋದಕ್ಕೂ ಫೀಸಾ ಮೇಡಂ?" ಅಂತ ಒಬ್ಬ ಹುಡುಗನ ತಂದೆ ಕೇಳಿದ್ದರು. ನನಗಿಂತ ಮೊದಲಿನಿಂದ ಕ್ಲಾಸ್ ನಡೆಸುತ್ತಿರುವ ಒಬ್ಬರು, "ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ಮಾತಾಡಿಸ್ತೀರಂತೆ, ಬ್ಯಾಚ್ ಉಳಿಯಲ್ಲ ನೋಡಿ" ಅಂದಿದ್ದರು. ಬ್ಯಾಚ್ ಉಳಿದಿದೆ, ಬೆಳೆದಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ರೂಮಿನಲ್ಲಿ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಬರುವವರು ನರ್ಸಿಂಗ್ ಹುಡುಗಿಯರು, ಲಾಡ್ಜ್ ರಿಸೆಪ್ಷನ್ ಹುಡುಗರು, ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟವರು. ಗ್ರಾಮರ್ ಅಷ್ಟಿಷ್ಟು ಎಲ್ಲರಿಗೂ ಬರುತ್ತದೆ. ಎದುರಿಗೆ ಸಿಕ್ಕವರ ಜೊತೆ ಸುಮ್ನೆ ಎರಡು ಮಾತಾಡೋದು ಬರುವುದಿಲ್ಲ.

ಮೊದಲ ವರ್ಷ ನಾನೂ ಬಾಯಿಪಾಠವನ್ನೇ ಮಾಡಿಸಿದೆ. 200 ವಾಕ್ಯಗಳ ಪುಸ್ತಿಕೆ, 500 ಪ್ರತಿ. ಪ್ರಿಂಟಿಂಗ್‌ಗೇ ಹತ್ತಿರ ಹತ್ತಿರ 18,000 ರೂಪಾಯಿ ಹೋಯಿತು. ಮಾರಾಟವಾದದ್ದು ನಲವತ್ತೋ ಐವತ್ತೋ. ಉಳಿದ ಬಂಡಲ್ ಮನೆಯ ಅಟ್ಟದಲ್ಲಿದೆ. 22 ಜನರ ಬ್ಯಾಚ್ ಮೂರನೇ ತಿಂಗಳಿಗೆ 7ಕ್ಕೆ ಇಳಿಯಿತು. ಫೀಸು ತಿಂಗಳಿಗೆ 1,200, ರೂಮಿನ ಬಾಡಿಗೆ 4,500. ಕರೆಂಟು, ಪಾಂಪ್ಲೆಟ್ಟು ಕಳೆದರೆ ಕೈಗೆ ಬರುತ್ತಿದ್ದದ್ದು ಬಸ್ ಚಾರ್ಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಆ ಬ್ಯಾಚಿನ ಒಬ್ಬ ಹುಡುಗ ಲಾಡ್ಜಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ರಾತ್ರಿ ಹತ್ತಕ್ಕೆ ಬ್ಯಾಗ್ ಹಿಡಿದು ಬಂದ ಗಿರಾಕಿಗೆ ಎದ್ದು ನಿಂತು, "ಗುಡ್ ನೈಟ್ ಸರ್" ಅಂದ. ಅವರು ಬಾಗಿಲಲ್ಲೇ ನಿಂತು, "ಯಾಕಪ್ಪಾ, ರೂಮ್ ಇಲ್ವಾ?" ಅಂದರಂತೆ. ಗುಡ್ ನೈಟ್ ಅನ್ನುವುದು ಹೊರಡುವಾಗ. ರಾತ್ರಿ ಎಷ್ಟೇ ಹೊತ್ತಾಗಲಿ, ಬಂದವರಿಗೆ ಗುಡ್ ಈವ್ನಿಂಗ್. ಇದು ನನ್ನ ಪುಸ್ತಿಕೆಯ ಮೊದಲ ಪುಟದಲ್ಲೇ ಇತ್ತು. ಓದಿದ್ದ, ಬಾಯಿಗೆ ಬರಲಿಲ್ಲ. ಅವನು ಮರುದಿನ ಬಂದು ಇದನ್ನು ಹೇಳಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಆಮೇಲೆ ಆನ್‌ಲೈನ್‌ನಲ್ಲಿ ಇಂಗ್ಲೆಂಡಿನ ಒಬ್ಬ ಹೆಂಗಸನ್ನು ಹಿಡಿದೆ. ಅರ್ಧ ಗಂಟೆಗೆ 700 ರೂಪಾಯಿಯ ಹಾಗೆ ಆರು ಸಲ. ಮೊದಲ ದಿನವೇ ಅವರು ನಗುತ್ತಾ, "ಯೂ ಆಲ್ ರೈಟ್?" ಅಂದರು. ನಮ್ಮ ಹುಡುಗಿಯರು ನನ್ನ ಮುಖ ನೋಡಿದರು: "ನಮಗೇನಾಗಿದೆ ಅಂತ ಕೇಳ್ತಿದ್ದಾರೆ ಮೇಡಂ?" ಅಲ್ಲಿ ಅದು ಬರೀ ನಮಸ್ಕಾರ ಇದ್ದ ಹಾಗೆ. 4,200 ರೂಪಾಯಿಗೆ ನಾನು ಕಲಿತದ್ದು ಜಾಸ್ತಿ, ನಮ್ಮ ಹುಡುಗಿಯರು ಕಲಿತದ್ದು ಕಡಿಮೆ. ನಿಲ್ಲಿಸಿದೆ.

ದಾರಿ ಸಿಕ್ಕಿದ್ದು ಮೆಟ್ಟಿಲ ಮೇಲೆ. ಕ್ಲಾಸ್ ಬಿಟ್ಟ ಮೇಲೆ ಇಬ್ಬರು ಹುಡುಗಿಯರು ಮಾತಾಡುತ್ತಿದ್ದರು.

"ಊಟ ಆಯ್ತೇನೇ?"

"ಹೂಂ, ಆಯ್ತು. ರೊಟ್ಟಿ, ಎಣ್ಣೆಗಾಯಿ. ನಿಂದು?"

ಉತ್ತರ, ಅದಕ್ಕೊಂದು ಬಾಲ, ಮತ್ತೆ ಮರುಪ್ರಶ್ನೆ. ಮೂರೂ ಒಂದೇ ಉಸಿರಿನಲ್ಲಿ. ಇದೇ ಹುಡುಗಿ ಹತ್ತು ನಿಮಿಷದ ಹಿಂದೆ ನನ್ನ "ಹೌ ವಾಸ್ ಯುವರ್ ಡೇ?"ಗೆ "ಫೈನ್ ಮೇಡಂ" ಅಂದು ಗೋಡೆ ನೋಡುತ್ತಾ ನಿಂತಿದ್ದಳು.

ಮರುದಿನದಿಂದ ಮೊದಲ ಅರ್ಧ ಗಂಟೆ ಬರೀ ಕನ್ನಡ. ಚಹಾ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನಾವು ಹೇಗೆ ಮಾತು ಶುರು ಮಾಡುತ್ತೇವೆ, ಹೇಗೆ ಮುಗಿಸುತ್ತೇವೆ ಅಂತ ಅವರೇ ಮಾಡಿ ತೋರಿಸಬೇಕು. ಆಮೇಲೆ ಅದೇ ಕೆಲಸ ಮಾಡುವ ಇಂಗ್ಲಿಷ್ ಮಾತು. ಪದಕ್ಕೆ ಪದ ಹಾಕುವ ಹಾಗಿಲ್ಲ. "ಹೋಗಿ ಬರ್ತೀನಿ" ಅನ್ನುವುದು "ಐ ವಿಲ್ ಗೋ ಆ್ಯಂಡ್ ಕಮ್" ಆಗಬಾರದು, "ಸೀ ಯೂ" ಆಗಬೇಕು. ಎದ್ದು ಹೊರಡುವ ಮುಂಚಿನ ನಮ್ಮ "ಸರಿ ಮತ್ತೆ" ಇದೆಯಲ್ಲ, ಅದಕ್ಕೆ "ಎನಿವೇ" ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ! ಹವಾಮಾನದ ಮಾತು ಶುರುವಿಗೆ ಒಳ್ಳೆಯದು. ಸಂಬಳ, ಮದುವೆ, ಮಕ್ಕಳು ಬೇಡ.

ಆಮೇಲೆ ಚಹಾ. ಇಬ್ಬಿಬ್ಬರಿಗೆ ಒಂದೊಂದು ಲೋಟ. ಚಹಾ ಮುಗಿಯುವವರೆಗೆ ಮಾತು ನಿಲ್ಲಬಾರದು, ಬಾಲವಿಲ್ಲದ ಉತ್ತರ ಕೊಡಬಾರದು. ಪೇಪರ್ ಕಪ್ಪಿನಲ್ಲಿ ಕೊಟ್ಟು ನೋಡಿದೆ, ಎರಡು ನಿಮಿಷಕ್ಕೆ ಖಾಲಿ. ಸ್ಟೀಲ್ ಲೋಟ ಕೈ ಸುಡುತ್ತದೆ, ನಿಧಾನ ಕುಡಿಯಬೇಕು. ನಾಲ್ಕೈದು ನಿಮಿಷ ಸಿಗುತ್ತದೆ. ಚಹಾದ ಬಿಲ್ಲು ತಿಂಗಳಿಗೆ ಸುಮಾರು 2,000 ಆಗುತ್ತದೆ. ಆದರೆ ಪುಸ್ತಿಕೆಗೆ ಸುರಿದ ದುಡ್ಡಿನ ಹಾಗೆ ಇದು ವ್ಯರ್ಥವಲ್ಲ.

ಜಾಸ್ತಿ ಕಾಡಿದ್ದು ನಮ್ಮ "ಹೌದಾ?". ಕನ್ನಡದಲ್ಲಿ ಅದೊಂದೇ ಎಲ್ಲದಕ್ಕೂ ನಡೆಯುತ್ತದೆ. ಹಾಗಾಗಿ ಇಂಗ್ಲಿಷಿನಲ್ಲೂ ಎಲ್ಲದಕ್ಕೂ "ಈಸ್ ಇಟ್?". "ಐ ವೆಂಟ್ ಟು ಹಂಪಿ" ಅಂದರೆ "ಓ, ಡಿಡ್ ಯೂ?" ಬರಬೇಕು. "ಐ ಆ್ಯಮ್ ಫ್ರಮ್ ಜಗಳೂರು" ಅಂದರೆ "ಆರ್ ಯೂ?" ಬರಬೇಕು. ನಿಯಮ ಬೋರ್ಡಿನ ಮೇಲೆ ಬರೆದೆ, ಪ್ರಯೋಜನವಾಗಲಿಲ್ಲ. ಒಬ್ಬೊಬ್ಬರ ಕೈಗೆ ಹತ್ತು ಹುಣಸೆ ಬೀಜ ಕೊಟ್ಟೆ. ತಪ್ಪು ಜಾಗದಲ್ಲಿ "ಈಸ್ ಇಟ್" ಅಂದರೆ ಒಂದು ಬೀಜ ಎದುರಿನವರಿಗೆ. ಎರಡು ವಾರಕ್ಕೆ ಮುಕ್ಕಾಲು ಜನರ ಬಾಯಿ ತಿದ್ದಿತು.

ಜೋಡಿಗಳನ್ನು ಹೇಗೆ ಮಾಡುತ್ತೇನೆ, ಮೊದಲ ದಿನ ಯಾವ ಪ್ರಶ್ನೆ ಕೇಳಿ ಸಂಕೋಚ ಬಿಡಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಈಗ ಎರಡು ಬ್ಯಾಚ್, ಒಟ್ಟು 35ರ ಆಸುಪಾಸು. ಫೀಸು 1,500 ಮಾಡಿದೆ, ಯಾರೂ ಬಿಟ್ಟು ಹೋಗಲಿಲ್ಲ. ಹರಟೆ ಅಂದಿದ್ದ ಆ ತಂದೆ ಈಗ ಮಗಳನ್ನೂ ಸೇರಿಸಿದ್ದಾರೆ.

ಫೋನ್ ಮಾತ್ರ ಇನ್ನೂ ಬಗ್ಗಿಲ್ಲ. ಎದುರಿಗೆ ಚೆನ್ನಾಗಿ ಮಾತಾಡುವವರೂ ಫೋನ್ ಹಿಡಿದ ಕೂಡಲೇ "ಫೈನ್" ಅಂದು ನಿಲ್ಲುತ್ತಾರೆ. ಈಗ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಕೈಗೆ ಲೋಟ ಕೊಟ್ಟು ನೋಡುತ್ತಿದ್ದೇನೆ. ಮೊನ್ನೆ ಒಂದು ಜೋಡಿ ಮೂರು ನಿಮಿಷ ದಾಟಿಸಿತು.