‘ಯೂಸ್ಡ್ ಟು’ ಬಳಸುವುದು ಹೇಗೆ?

‘ಐ ಯೂಸ್ ಟು ವೇಕ್ ಅಪ್ ಅಟ್ ಫೈವ್.’ ದಿನಾ ಐದಕ್ಕೆ ಏಳ್ತೀನಿ ಅಂತ ಹೇಳಲು ಹೊರಟವರು ಹೀಗೆ ಅಂದುಬಿಡುತ್ತಾರೆ. ಮಾತಿನಲ್ಲಿ ‘ಯೂಸ್ ಟು’, ‘ಯೂಸ್ಡ್ ಟು’ ಎರಡೂ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ಎದುರಿನವರು ತಿಳಿದುಕೊಳ್ಳುವುದೇ ಬೇರೆ: ಮೊದಲು ಏಳುತ್ತಿದ್ದರು, ಈಗ ಬಿಟ್ಟಿದ್ದಾರೆ!

ಆದ್ದರಿಂದ ಮೊದಲು ಕಾಲ ನೋಡಿಕೊಳ್ಳಿ. ಈಗಲೂ ಮಾಡುವ ಕೆಲಸವಾದರೆ ಈ ಪದವೇ ಬೇಡ. ‘ಐ ಯೂಶುವಲಿ ವೇಕ್ ಅಪ್ ಅಟ್ ಫೈವ್’ ಅಂದರೆ ಸಾಕು. ಹಿಂದೆ ರೂಢಿಯಿತ್ತು, ಈಗಿಲ್ಲ ಅನ್ನುವಾಗ ‘ಐ ಯೂಸ್ಡ್ ಟು ವೇಕ್ ಅಪ್ ಅಟ್ ಫೈವ್’. ಮುಂದಿನ ಕ್ರಿಯಾಪದ ಮೂಲರೂಪದಲ್ಲೇ ಇರಲಿ, ‘ವೋಕ್’ ಆಗಬಾರದು.

ನಮಗೆ ತೊಡಕಾಗುವುದು ‘ಓದುತ್ತಿದ್ದೆ’ ಥರದ ಮಾತು. ‘ನೀನು ಫೋನ್ ಮಾಡಿದಾಗ ಓದುತ್ತಿದ್ದೆ’ ಅಂದರೆ ‘ಐ ವಾಸ್ ರೀಡಿಂಗ್’. ‘ಚಿಕ್ಕಂದಿನಲ್ಲಿ ತುಂಬಾ ಓದುತ್ತಿದ್ದೆ’ ಅಂದರೆ ‘ಐ ಯೂಸ್ಡ್ ಟು ರೀಡ್ ಎ ಲಾಟ್’. ಅನುಮಾನ ಬಂದರೆ ಕನ್ನಡ ವಾಕ್ಯಕ್ಕೆ ‘ಮೊದಲೆಲ್ಲ’ ಸೇರಿಸಿ ನೋಡಿ. ಹೊಂದಿದರೆ ‘ಯೂಸ್ಡ್ ಟು’ ಹಾಕಬಹುದು. ಆದರೆ ಎಷ್ಟು ವರ್ಷ, ಎಷ್ಟು ಸಲ ಅಂತ ಲೆಕ್ಕ ಕೊಡುವಾಗ ಬೇಡ. ಐದು ವರ್ಷ ಅಲ್ಲಿದ್ದೆ ಅನ್ನಲು ‘ಐ ಲಿವ್ಡ್ ದೇರ್ ಫಾರ್ ಫೈವ್ ಇಯರ್ಸ್’ ಸರಿ.

ಪ್ರಶ್ನೆ ಕೇಳುವಾಗ ‘ಡಿಡ್’ ಬರುತ್ತದೆ: ‘ಡಿಡ್ ಯು ಯೂಸ್ ಟು ಸ್ವಿಮ್?’ ಭೂತಕಾಲವನ್ನು ಡಿಡ್ ಹೊತ್ತುಕೊಂಡಿರುವುದರಿಂದ ‘ಯೂಸ್ಡ್’ನ ಕೊನೆಯ ‘ಡಿ’ ಬರೆಯಬೇಕಿಲ್ಲ. ‘ಡಿಡಂಟ್ ಯೂಸ್ ಟು’ ಕೂಡ ಹಾಗೇ. ಅದು ನಾಲಿಗೆಗೆ ತೊಡಕು ಅನ್ನಿಸಿದರೆ ‘ನೆವರ್ ಯೂಸ್ಡ್ ಟು’ ಅನ್ನಿ, ಇಲ್ಲಿ ಮಾತ್ರ ‘ಡಿ’ ಉಳಿಯುತ್ತದೆ.

ಇನ್ನು ಜಾಸ್ತಿ ಜನ ಎಡವುವ ಜಾಗ. ‘ಯೂಸ್ಡ್ ಟು’ಗೆ ಮುಂಚೆ ಆಮ್, ಈಸ್, ಆರ್, ವಾಸ್ ಸೇರಿದರೆ ಅರ್ಥವೇ ಬದಲಾಗುತ್ತದೆ. ‘ಐ ಆಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ’ ಅಂದರೆ ಬೇಗ ಏಳುವುದು ರೂಢಿಯಾಗಿದೆ, ಕಷ್ಟ ಅನ್ನಿಸುವುದಿಲ್ಲ ಅಂತ. ಇಲ್ಲಿ ‘ಇಂಗ್’ ಬೇಕೇ ಬೇಕು. ‘ಐ ಆಮ್ ಯೂಸ್ಡ್ ಟು ವೇಕ್ ಅಪ್’ ತಪ್ಪು, ಎಷ್ಟು ಜನ ಅಂದರೂ ತಪ್ಪೇ. ನಾಮಪದ ಬಂದರೆ ಸಲೀಸು: ‘ಐ ಆಮ್ ಯೂಸ್ಡ್ ಟು ದ ನಾಯ್ಸ್’, ಈ ಗದ್ದಲ ನನಗೆ ಹೊಸದಲ್ಲ. ಇನ್ನೂ ಪೂರ್ತಿ ಒಗ್ಗಿಲ್ಲ, ಈಗೀಗ ಒಗ್ಗುತ್ತಿದೆ ಅನ್ನುವುದಾದರೆ ‘ಐ ಆಮ್ ಗೆಟಿಂಗ್ ಯೂಸ್ಡ್ ಟು ಇಟ್’.

ಹಾಗಾದರೆ ‘ದಿಸ್ ನೈಫ್ ಈಸ್ ಯೂಸ್ಡ್ ಟು ಕಟ್ ಪೇಪರ್’ ತಪ್ಪಾ? ಅಲ್ಲ. ಚಾಕುವಿಗೆ ಯಾವ ರೂಢಿಯೂ ಇಲ್ಲ ಅಲ್ವಾ! ಅಲ್ಲಿ ಹೇಳುತ್ತಿರುವುದು ಅದರ ಬಳಕೆ. ಉಚ್ಚಾರಣೆಯೂ ಬೇರೆ: ರೂಢಿಯ ಮಾತಾದರೆ ‘ಯೂಸ್ಟು’ ಅಂತ ಕೂಡಿಸಿ ಅನ್ನುತ್ತಾರೆ, ಬಳಕೆಯ ಮಾತಾದರೆ ‘ಯೂಜ಼್ಡ್ ಟು’.