ಮುಕ್ಕಣ್ಣ ಯಾಶಿಕಾ: ಹಳೇ ರೀಲು ಕ್ಯಾಮೆರಾದಲ್ಲಿ ಫೋಟೊ ತೆಗೆಯುವುದು ಹೇಗೆ?

ಅಪ್ಪನದೋ ಚಿಕ್ಕಪ್ಪನದೋ ಬೀರುವಿನಲ್ಲಿ, ಚರ್ಮದ ಕವಚದೊಳಗೆ ಒಂದು ಭಾರದ ಕ್ಯಾಮೆರಾ ನಿಮ್ಮ ಮನೆಯಲ್ಲೂ ಇರಬಹುದು. ಗಲ್ಫ್‌ನಿಂದಲೋ ಸಿಂಗಪುರದಿಂದಲೋ ಯಾರೋ ನೆಂಟರು ತಂದಿದ್ದು. ಅದರ ಮೇಲೆ ‘ಯಾಶಿಕಾ ಎಲೆಕ್ಟ್ರೋ 35’ ಎಂದು ಬರೆದಿದ್ದರೆ ಮಾರಿಬಿಡಬೇಡಿ. ಜಪಾನಿನ ಯಾಶಿಕಾ ಕಂಪನಿ ಈ ಸಾಲಿನ ಮೊದಲ ಕ್ಯಾಮೆರಾ ತಂದಿದ್ದು 1966ರಲ್ಲಿ. ಈಗ ಹೆಚ್ಚಾಗಿ ಕೈಗೆ ಸಿಗುವ ಜಿಎಸ್‌ಎನ್ ಮಾದರಿ 1973ರದ್ದು. ಅದರ 45 ಮಿ.ಮೀ. ಎಫ್/1.7 ಲೆನ್ಸ್ ಇವತ್ತಿಗೂ ಒಳ್ಳೆಯ ಲೆನ್ಸೇ. (ಎಫ್ ಸಂಖ್ಯೆ ಎಂದರೆ ಲೆನ್ಸಿನ ಕಿಂಡಿಯ ಅಳತೆ. ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಜಾಸ್ತಿ.)

ಇದು ರೇಂಜ್‌ಫೈಂಡರ್, ಅಂದರೆ ದೂರ ಅಳೆದು ಫೋಕಸ್ ಮಾಡುವ ಜಾತಿಯ ಕ್ಯಾಮೆರಾ. ಇದಕ್ಕೆ ಮೂರು ಕಣ್ಣು. ಫಿಲಂಗೆ ಬೆಳಕು ಬಿಡುವ ಲೆನ್ಸ್ ಒಂದು. ನೀವು ನೋಡುವ ಕಿಟಕಿ ಇನ್ನೊಂದು. ಬೆಳಕು ಅಳೆಯುವ ಮೀಟರಿನ ಪುಟ್ಟ ಕಿಟಕಿ ಮೂರನೆಯದು. ಒಂದು ಕಣ್ಣು ಏನು ನೋಡುತ್ತಿದೆ ಅನ್ನುವುದು ಇನ್ನೊಂದಕ್ಕೆ ಗೊತ್ತಿಲ್ಲ. ಈ ಕ್ಯಾಮೆರಾದ ಮಜಾ, ತರಲೆ ಎರಡೂ ಇರುವುದು ಇಲ್ಲೇ. ಲೆನ್ಸಿಗೆ ಮುಚ್ಚಳ ಹಾಕಿಕೊಂಡೇ ಇಡೀ ರೀಲು ಕ್ಲಿಕ್ಕಿಸಬಹುದು. ಕಿಟಕಿಯಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ, ಮೀಟರ್ ಸರಿಯಾಗಿ ಕೆಲಸ ಮಾಡುತ್ತದೆ, ‘ಕ್ಲಿಕ್’ ಅಂತ ಸದ್ದೂ ಬರುತ್ತದೆ. ತೊಳೆಸಿದ ಮೇಲೆ ನೋಡಿದರೆ ಏನೂ ಇಲ್ಲ. ಹಾಗಾಗಿ ಮೊದಲ ನಿಯಮ: ಹೊರಗೆ ಹೊರಟ ಕೂಡಲೇ ಮುಚ್ಚಳ ತೆಗೆದು ಜೇಬಿಗೆ ಹಾಕಿ, ಮನೆಗೆ ಬರುವತನಕ ಮತ್ತೆ ಹಾಕಬೇಡಿ.

ಮೊದಲು ಸೆಲ್

ಈ ಕ್ಯಾಮೆರಾಕ್ಕೆಂದು ಮಾಡಿದ್ದ 5.6 ವೋಲ್ಟ್‌ನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಬದಲಿಗೆ 4ಎಲ್‌ಆರ್44 ಎಂಬ 6 ವೋಲ್ಟ್ ಸೆಲ್ ಸಿಗುತ್ತದೆ. ನಾಯಿಯ ಎಲೆಕ್ಟ್ರಾನಿಕ್ ಕೊರಳಪಟ್ಟಿಗೆ ಹಾಕುವುದೂ ಇದನ್ನೇ. ವೋಲ್ಟೇಜಿನ ಈ ಚೂರು ವ್ಯತ್ಯಾಸವನ್ನು ಯಾಶಿಕಾ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಸೆಲ್ ಸಣ್ಣದು, ಗೂಡು ದೊಡ್ಡದು. ಸೆಲ್‌ಗೆ ಒಂದಿಷ್ಟು ದಪ್ಪ ಕಾಗದ ಸುತ್ತಿ, ಉದ್ದ ಸಾಲದ ಕಡೆ ಟಾರ್ಚಿನೊಳಗೆ ಬರುವಂಥ ಸ್ಪ್ರಿಂಗ್ ಇಟ್ಟರೆ ಸಾಕು. ಸ್ಪ್ರಿಂಗ್ ಸಿಗದಿದ್ದರೆ ಅಲ್ಯುಮಿನಿಯಂ ಫಾಯಿಲನ್ನು ಉಂಡೆ ಮಾಡಿ ತುರುಕಿದರೂ ನಡೆಯುತ್ತದೆ. ಪ್ಲಸ್ ಯಾವ ಕಡೆ ಬರಬೇಕು ಎಂದು ನೋಡಿಕೊಂಡು ಹಾಕಿ.

ಗೂಡಿನಲ್ಲಿ ಬಿಳಿಯಾಗಿಯೋ ಹಸಿರಾಗಿಯೋ ಕಿಲುಬು ಕಟ್ಟಿದ್ದರೆ, ಕಿವಿಕಡ್ಡಿಗೆ ಸ್ವಲ್ಪ ವಿನೆಗರ್ ಅದ್ದಿ ಉಜ್ಜಿ, ಒಣಗಲು ಬಿಡಿ. ಹಳೇ ಪಾದರಸದ ಸೆಲ್ ಒಳಗೇ ಸಿಕ್ಕಿದರೆ ಕಸದ ಬುಟ್ಟಿಗೆ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಹೊಸ ಸೆಲ್ ಹಾಕಿ ಹಿಂದಿನ ಗುಂಡಿ ಒತ್ತಿದಾಗ ಹಸಿರು ದೀಪ ಬಂದರೆ ಅರ್ಧ ಗೆದ್ದ ಹಾಗೆ.

ರೀಲು ಹಾಕುವ ಮುನ್ನ ಕಿವಿಯಿಂದ ಪರೀಕ್ಷೆ

ಹಿಂಬಾಗಿಲು ತೆಗೆಯಿರಿ. ರಿಂಗನ್ನು ‘ಆಟೋ’ಗೆ ತಿರುಗಿಸಿ, ಲೆನ್ಸನ್ನು ಎಫ್/1.7ಕ್ಕೆ ಇಟ್ಟು, ರೀಲು ಎಳೆಯುವ ಲಿವರನ್ನು ಒಮ್ಮೆ ಎಳೆದು, ಮನೆಯ ಕಿಟಕಿಯ ಬೆಳಕಿನ ಕಡೆ ಹಿಡಿದು ಗುಂಡಿ ಒತ್ತಿ. ಶಟರ್, ಅಂದರೆ ಫಿಲಂಗೆ ಬೆಳಕು ಬಿಡುವ ಬಾಗಿಲು, ‘ಟಿಕ್’ ಎಂದು ತೆರೆದು ಮುಚ್ಚಬೇಕು. ಈಗ ಲಿವರ್ ಎಳೆದು, ಮೀಟರಿನ ಪುಟ್ಟ ಕಿಟಕಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಮತ್ತೆ ಒತ್ತಿ. ಶಟರ್ ತೆರೆದುಕೊಂಡೇ ಇದ್ದು, ಆಮೇಲೆ ಮುಚ್ಚಬೇಕು. ಎರಡೂ ಸಲ ಒಂದೇ ಥರ ಸದ್ದು ಬಂದರೆ ಏನೋ ಸರಿಯಿಲ್ಲ.

ಇನ್ನೊಂದು ಸದ್ದನ್ನೂ ಕೇಳಿಸಿಕೊಳ್ಳಬೇಕು. ರೀಲು ಎಳೆಯುವ ಲಿವರನ್ನು ತೀರಾ ನಿಧಾನವಾಗಿ ಎಳೆಯಿರಿ. ನಡುವೆ ಒಳಗಿನಿಂದ ‘ಟಕ್’ ಎಂಬ ಮಂದ ಸದ್ದು ಬರಬೇಕು. ಒಳಗೆ ಒಂದು ಪುಟ್ಟ ರಬ್ಬರ್ ತುಂಡಿದೆ, ವಯಸ್ಸಾದಂತೆ ಅದು ಕರಗಿ ಪುಡಿಯಾಗುತ್ತದೆ. ಎಲೆಕ್ಟ್ರೋ ಪ್ರಿಯರು ಅದನ್ನು ‘ಸಾವಿನ ರಬ್ಬರ್’ ಎಂದೇ ಕರೆಯುತ್ತಾರೆ. ಅದು ಹೋದರೆ ಟಕ್ ಸದ್ದು ನಿಲ್ಲುತ್ತದೆ, ಶಟರ್ ಅಡ್ಡಾದಿಡ್ಡಿ ವರ್ತಿಸುತ್ತದೆ. ರಿಪೇರಿ ಸಾಧ್ಯ, ಆದರೆ ಕ್ಯಾಮೆರಾ ಬಿಚ್ಚಬೇಕು. ಸ್ಕ್ರೂಡ್ರೈವರ್ ಹಿಡಿದು ನೀವೇ ಕೂರಬೇಡಿ, ಹಳೇ ಕೈ ಯಾರಾದರೂ ಇದ್ದರೆ ಅವರಿಗೆ ಕೊಡಿ. ಸಂತೆಯಲ್ಲೋ ಆನ್‌ಲೈನಲ್ಲೋ ಕೊಳ್ಳುವವರು ಲೆನ್ಸಿನ ಹೊಳಪು ನೋಡುವುದಕ್ಕಿಂತ ಮೊದಲು ಈ ಟಕ್ ಕೇಳಿ ದುಡ್ಡು ಕೊಡಬೇಕು.

ಹಿಂಬಾಗಿಲ ಅಂಚಿನ ಕಪ್ಪು ಸ್ಪಂಜು ಇಷ್ಟು ಹೊತ್ತಿಗೆ ಅಂಟಂಟಾಗಿ ಬೆರಳಿಗೆ ಮೆತ್ತಿಕೊಂಡಿರುತ್ತದೆ. ಅದು ಸವೆದರೆ ಬೆಳಕು ಒಳನುಗ್ಗಿ ಫೋಟೊದ ಅಂಚಿನಲ್ಲಿ ಕೆಂಪು-ಕಿತ್ತಳೆ ಬರೆ ಎಳೆಯುತ್ತದೆ. ಟೂತ್‌ಪಿಕ್‌ಗೆ ಸ್ಪಿರಿಟ್ ಅದ್ದಿ ಹಳೆಯದನ್ನು ಕೆರೆದು ತೆಗೆಯಿರಿ. ಶಟರಿನ ಕಡೆ ಒಂದು ಚೂರೂ ಬೀಳದ ಹಾಗೆ ಕ್ಯಾಮೆರಾವನ್ನು ಬೋರಲು ಹಿಡಿದುಕೊಳ್ಳಿ. ಸ್ಪಂಜು ಇದ್ದ ಸೀಳಿನೊಳಗೆ ಕಪ್ಪು ಉಲ್ಲನ್ ದಾರವನ್ನು ಒತ್ತಿ ಕೂರಿಸಿದರೆ ಆಯಿತು. ಹತ್ತು ರೂಪಾಯಿ ಕೆಲಸ.

ರೀಲು ಹಾಕುವುದು

ಹೊಸಬರ ರೀಲು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಎಡಗಡೆ ಡಬ್ಬಿ ಕೂರಿಸಿ, ಫಿಲಂನ ನಾಲಿಗೆಯನ್ನು ಬಲಗಡೆಯ ಉರುಳೆಯ ಸೀಳಿಗೆ ಸಿಕ್ಕಿಸಿ. ಲಿವರ್ ಎಳೆದು, ಮೇಲೂ ಕೆಳಗೂ ಫಿಲಂನ ತೂತುಗಳು ಹಲ್ಲಿಗೆ ಸಿಕ್ಕಿವೆಯೇ ನೋಡಿ ಬಾಗಿಲು ಮುಚ್ಚಿ. ಈಗ ಎಡಗಡೆಯ ಸುತ್ತುವ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಬಿಗಿ ಮಾಡಿ. ಆಮೇಲೆ ಲಿವರ್ ಎಳೆಯುವಾಗಲೆಲ್ಲ ಆ ಹಿಡಿ ತಾನೇ ತಿರುಗಬೇಕು. ತಿರುಗುತ್ತಿದ್ದರೆ ರೀಲು ಓಡುತ್ತಿದೆ ಎಂದರ್ಥ. ತಿರುಗದಿದ್ದರೆ ಲೆಕ್ಕದ ಮುಳ್ಳು 36 ತೋರಿಸಿದರೂ ಒಂದು ಫೋಟೊವೂ ಬಂದಿರುವುದಿಲ್ಲ.

ಎಎಸ್‌ಎ ಸಂಖ್ಯೆ, ಅಂದರೆ ಫಿಲಂ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ, ಹೊಂದಿಸಲು ಮರೆಯಬೇಡಿ. ಈಗಿನ ಡಬ್ಬಿಗಳ ಮೇಲಿನ ಕಪ್ಪು-ಬಿಳಿ ಚೌಕಗಳನ್ನು ಓದುವಷ್ಟು ಬುದ್ಧಿ ಇದಕ್ಕಿಲ್ಲ. ನಮ್ಮ ಬಿಸಿಲಿಗೆ 200 ಎಎಸ್‌ಎ ಕಲರ್ ರೀಲೇ ವಾಸಿ. ಯಾಕೆ ಅಂದರೆ ಶಟರಿನ ಗರಿಷ್ಠ ವೇಗ 1/500 ಸೆಕೆಂಡು, ಅಷ್ಟೇ. 400ರ ರೀಲು ಹಾಕಿಕೊಂಡು ಮಟಮಟ ಮಧ್ಯಾಹ್ನ ಬೀದಿಗಿಳಿದರೆ ಎಫ್/16 ಬಿಟ್ಟು ಬೇರೆ ದಾರಿ ಇರುವುದಿಲ್ಲ. ಹಿನ್ನೆಲೆ ಮಸುಕು ಮಾಡುವ ಆಸೆ ಸಂಜೆವರೆಗೂ ಕಾಯಬೇಕು.

ಫೋಕಸ್: ಎರಡನ್ನು ಒಂದು ಮಾಡುವುದು

ನೀವು ನೋಡುವ ಕಿಟಕಿಯ ನಡುವೆ ಹಳದಿ ಬಣ್ಣದ ಸಣ್ಣ ಚೌಕ ಕಾಣುತ್ತದೆ. ಅದರೊಳಗೆ ಎಲ್ಲವೂ ಎರಡೆರಡು. ಕ್ಯಾಮೆರಾದ ಮುಂದೆ ಬೇರೆ ಬೇರೆ ಜಾಗದಲ್ಲಿರುವ ಎರಡು ಕಿಂಡಿಗಳಿಂದ ಬಂದ ಎರಡು ಚಿತ್ರ ಅಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಲೆನ್ಸಿನ ರಿಂಗ್ ತಿರುಗಿಸಿದಂತೆ ಒಂದು ಚಿತ್ರ ಪಕ್ಕಕ್ಕೆ ಸರಿಯುತ್ತಾ ಬಂದು ಇನ್ನೊಂದರಲ್ಲಿ ಕೂಡಿಕೊಳ್ಳುತ್ತದೆ. ಕೂಡಿತಾ, ಫೋಕಸ್ ಆಯಿತು. ‘ಆಗಿರಬಹುದೇನೋ’ ಎಂಬ ಅನುಮಾನವೇ ಇಲ್ಲ. ನನ್ನ ಮಟ್ಟಿಗೆ ಈ ಕ್ಯಾಮೆರಾದ ದೊಡ್ಡ ಸುಖ ಇದೇ.

ಇದಕ್ಕೊಂದು ಗುಟ್ಟಿದೆ. ಚಿತ್ರ ಸರಿಯುವುದು ಅಡ್ಡಕ್ಕೆ ಮಾತ್ರ. ಹಾಗಾಗಿ ಫೋಕಸ್ ಮಾಡಲು ಉದ್ದ ನಿಂತ ಗೆರೆ ಹುಡುಕಬೇಕು: ಬಾಗಿಲ ಚೌಕಟ್ಟು, ದೀಪದ ಕಂಬ, ಕನ್ನಡಕದ ಅಂಚು, ಕೆನ್ನೆಯ ಪಕ್ಕ ಇಳಿಬಿದ್ದ ಜುಮುಕಿ. ಕರೆಂಟ್ ತಂತಿ, ಮೆಟ್ಟಿಲಿನ ಅಂಚು, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಎಷ್ಟು ತಿಣುಕಾಡಿದರೂ ಫೋಕಸ್ ಸಿಗುವುದಿಲ್ಲ, ಯಾಕೆಂದರೆ ಅಡ್ಡ ಗೆರೆ ಅಡ್ಡಕ್ಕೇ ಸರಿದರೆ ಗೊತ್ತಾಗುವುದೇ ಇಲ್ಲ. ಅಂಥ ಕಡೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಫೋಕಸ್ ಮಾಡಿ, ಮತ್ತೆ ಅಡ್ಡ ಹಿಡಿದು ಕ್ಲಿಕ್ಕಿಸಿ.

ರೇಂಜ್‌ಫೈಂಡರ್ ಸರಿಯಿದೆಯಾ ಎಂದು ನೋಡಲು ಚಂದ್ರನಿಗಿಂತ ಒಳ್ಳೆಯ ಗುರುತಿಲ್ಲ. ರಿಂಗನ್ನು ದೂರದ ಕೊನೆಗೆ, ಅಂದರೆ ಮಲಗಿದ ಎಂಟರ ಗುರುತಿಗೆ ತಿರುಗಿಸಿ ಚಂದ್ರನನ್ನು ನೋಡಿ. ಒಬ್ಬನೇ ಚಂದ್ರ ಕಂಡರೆ ಸರಿ. ಇಬ್ಬರು ಕಂಡರೆ ರಿಪೇರಿಯವರ ಹತ್ತಿರ ಹೋಗಬೇಕು.

ಹತ್ತಿರ ಎಂದರೆ 0.8 ಮೀಟರ್, ಅದಕ್ಕಿಂತ ಮುಂದೆ ಹೋಗಲು ಬಿಡುವುದಿಲ್ಲ. ಹೂವಿನೊಳಗಿನ ಜೇನುನೊಣ ತೆಗೆಯುವ ಕ್ಯಾಮೆರಾ ಇದಲ್ಲ. ಅಷ್ಟು ಹತ್ತಿರದಲ್ಲಿ ಎಫ್/1.7ಕ್ಕೆ ತೆಗೆದರೆ ಸ್ಪಷ್ಟವಾಗಿ ಬರುವುದು ಮೂರು ಸೆಂಟಿಮೀಟರಿನಷ್ಟು ಮಾತ್ರ. ಕಣ್ಣು ಚೆನ್ನಾಗಿ ಬಂದರೆ ಕಿವಿ ಮಂಜು. ಎಫ್/4ಕ್ಕೆ ಇಟ್ಟರೆ ಸ್ಪಷ್ಟ ಭಾಗ ಹೆಚ್ಚುತ್ತದೆ, ಫೋಕಸ್ ಚೂರು ತಪ್ಪುವವರಿಗೂ ಧೈರ್ಯ.

ಜಾತ್ರೆ, ಸಂತೆಯಲ್ಲಿ ಹಳದಿ ಚೌಕ ನೋಡುತ್ತಾ ಕೂತರೆ ಎದುರಿಗಿದ್ದವರು ಹೊರಟೇ ಹೋಗಿರುತ್ತಾರೆ. ಅಲ್ಲಿ ಎಫ್/8, ದೂರ 3 ಮೀಟರ್ ಎಂದು ಮೊದಲೇ ಇಟ್ಟುಬಿಡಿ. ಸುಮಾರು 2.2 ಮೀಟರಿನಿಂದ 4.6 ಮೀಟರಿನವರೆಗೆ ಇರುವವರೆಲ್ಲ ಸ್ಪಷ್ಟವಾಗಿ ಬರುತ್ತಾರೆ. ಕ್ಯಾಮೆರಾ ಎತ್ತುವುದು, ಒತ್ತುವುದು, ಅಷ್ಟೇ ಕೆಲಸ.

ಕಿಟಕಿಯೊಳಗೆ ಕಾಣುವ ಹೊಳೆಯುವ ಚೌಕಟ್ಟಿನ ಒಳಗಿದ್ದಷ್ಟು ಫೋಟೊ. ಆದರೆ ಅದರ ಹೊರಗೂ ಸ್ವಲ್ಪ ಕಾಣುತ್ತದೆ! ಎಡಗಡೆಯಿಂದ ಬರುತ್ತಿರುವ ಸೈಕಲ್ಲು ಚೌಕಟ್ಟಿನೊಳಗೆ ಕಾಲಿಡುವ ಮುನ್ನವೇ ನಿಮಗೆ ಗೊತ್ತಿರುತ್ತದೆ. ಒತ್ತಿದಾಗ ಕಣ್ಣಮುಂದೆ ಕತ್ತಲೆಯಾಗುವುದಿಲ್ಲ, ಒಳಗೆ ಕನ್ನಡಿ ಎದ್ದು ಬೀಳುವ ಗಲಾಟೆಯೂ ಇಲ್ಲ. ಆ ಕ್ಷಣದಲ್ಲಿ ಎದುರಿನವರು ಕಣ್ಣು ಮುಚ್ಚಿದರೆ ನಿಮಗೆ ಕಾಣುತ್ತದೆ, ಇನ್ನೊಂದು ತೆಗೆಯಬಹುದು. ಶಟರಿನ ಸದ್ದಂತೂ ಎಷ್ಟು ಮೆಲ್ಲಗೆ ಎಂದರೆ, ಮಲಗಿದ ಮಗುವಿನ ಪಕ್ಕದಲ್ಲೂ ಧೈರ್ಯವಾಗಿ ಒತ್ತಬಹುದು.

ಬೆಳಕಿನ ಲೆಕ್ಕ

ಎಫ್ ಸಂಖ್ಯೆ ನಿಮ್ಮದು, ಶಟರ್ ವೇಗ ಅದರದು. ಗುಂಡಿಯನ್ನು ಅರ್ಧ ಒತ್ತಿದಾಗ ಕೆಂಪು ದೀಪ ಬಂದರೆ ಬೆಳಕು ಜಾಸ್ತಿ, 1/500 ಸಾಲದು. ಹಳದಿ ಬಂದರೆ ವೇಗ 1/30ಕ್ಕಿಂತ ಕಡಿಮೆ, ಕೈ ಅಲುಗಿದರೆ ಚಿತ್ರ ಕಲಸಿಹೋಗುತ್ತದೆ. ರಿಂಗನ್ನು ಯಾವ ಕಡೆ ತಿರುಗಿಸಬೇಕು ಎಂದು ಬಾಣದ ಗುರುತೇ ತೋರಿಸುತ್ತದೆ. ಎರಡೂ ಬರದಿದ್ದರೆ ಒತ್ತಿ. ಆದರೆ ನಿಜವಾಗಿ ಎಷ್ಟು ವೇಗದಲ್ಲಿ ತೆಗೆಯಿತು ಎಂದು ಅದು ಕೊನೆಗೂ ಹೇಳುವುದಿಲ್ಲ. 1/40 ಇರಬಹುದು, 1/313 ಇರಬಹುದು. ಲೆಕ್ಕ ಕೇಳುವ ಸ್ವಭಾವದವರಿಗೆ ಇದು ಕಿರಿಕಿರಿ.

ಬೆಳಕು ಹಿಂದಿನಿಂದ ಬಿದ್ದಾಗ ಮೀಟರ್ ಮೋಸಹೋಗುತ್ತದೆ. ಬಾಗಿಲಿಗೆ ಬೆನ್ನು ಮಾಡಿ ಕೂತ ಅಜ್ಜಿಯ ಮುಖ ಕಪ್ಪಾಗಿ ಬಂದುಬಿಡುತ್ತದೆ. ಆಗ ಎಎಸ್‌ಎಯನ್ನು 200ರಿಂದ 100ಕ್ಕೆ ಇಳಿಸಿ ತೆಗೆಯಿರಿ, ದುಪ್ಪಟ್ಟು ಬೆಳಕು ಸಿಗುತ್ತದೆ. ಆಮೇಲೆ ವಾಪಸ್ 200ಕ್ಕೆ ತನ್ನಿ. ಕಪ್ಪು-ಬಿಳುಪು ಫಿಲಂಗೆ ಹಳದಿ ಫಿಲ್ಟರ್ ಹಾಕುವವರಿಗೂ ಇದೇ ಉಪಾಯ. ಫಿಲ್ಟರ್ ಇರುವುದು ಲೆನ್ಸಿನ ಮುಂದೆ, ಮೀಟರಿಗೆ ಅದು ಕಾಣುವುದೇ ಇಲ್ಲ.

ಕತ್ತಲಲ್ಲಿ ಮಾತ್ರ ಇದರ ಕೈಚಳಕ ನೋಡಬೇಕು. ಶಟರನ್ನು 30 ಸೆಕೆಂಡಿನವರೆಗೂ ತಾನೇ ಲೆಕ್ಕ ಹಾಕಿ ತೆರೆದಿಡುತ್ತದೆ. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ಹತ್ತಿದಾಗ ಸ್ಟ್ಯಾಂಡ್ ಮೇಲೆ ಕೂರಿಸಿ, ಕ್ಯಾಮೆರಾ ಅಲುಗದಂತೆ ಗುಂಡಿ ಒತ್ತುವ ಕೇಬಲ್ ಸಿಕ್ಕಿಸಿ, ಎಫ್/8ಕ್ಕೆ ಇಟ್ಟು ಒತ್ತಿ. ಮುಚ್ಚುವ ‘ಟಿಕ್’ ಕೇಳುವವರೆಗೆ ಕ್ಯಾಮೆರಾ ಮುಟ್ಟದೆ ಸುಮ್ನೆ ನಿಂತಿರಿ.

ದಾರಿಯಲ್ಲಿ ಸೆಲ್ ಸತ್ತರೆ? ಶಟರ್ ಎಲ್ಲವನ್ನೂ 1/500ರಲ್ಲೇ ತೆಗೆಯುತ್ತದೆ. ಆಗ 400ರ ರೀಲು ಇದ್ದವನೇ ಪುಣ್ಯವಂತ. ನೆತ್ತಿ ಬಿಸಿಲಿಗೆ ಎಫ್/16, ತೆಳು ಮೋಡಕ್ಕೆ ಎಫ್/11, ಪೂರ್ತಿ ಮೋಡ ಕವಿದರೆ ಎಫ್/8. ಕಲರ್ ನೆಗೆಟಿವ್ ಬೆಳಕು ಸ್ವಲ್ಪ ಜಾಸ್ತಿಯಾದರೆ ಸಹಿಸಿಕೊಳ್ಳುತ್ತದೆ, ಕಡಿಮೆಯಾದರೆ ಸಹಿಸುವುದಿಲ್ಲ. ಅನುಮಾನ ಬಂದರೆ ಒಂದು ಮೆಟ್ಟಿಲು, ಅಂದರೆ ದುಪ್ಪಟ್ಟು ಬೆಳಕು, ಜಾಸ್ತಿಯೇ ಕೊಡಿ.

ರೀಲು ಮುಗಿದ ಮೇಲೆ

ಲಿವರ್ ಗಟ್ಟಿಯಾಗಿ ನಿಂತರೆ ಬಲವಂತ ಮಾಡಬೇಡಿ. ತಳದ ಪುಟ್ಟ ಗುಂಡಿ ಒತ್ತಿ, ಎಡಗಡೆಯ ಹಿಡಿ ಬಿಚ್ಚಿ ಬಾಣದ ಗುರುತಿನ ಕಡೆ ಸುತ್ತಿ. ಮೊದಲು ಬಿಗಿ ಇರುತ್ತದೆ, ಕೊನೆಗೆ ತಟಕ್ಕನೆ ಸಡಿಲವಾಗುತ್ತದೆ. ಆಮೇಲೂ ನಾಲ್ಕು ಸುತ್ತು ಸುತ್ತಿಯೇ ಬಾಗಿಲು ತೆರೆಯಿರಿ.

ವಿಮಾನದಲ್ಲಿ ಹೋಗುವವರು ರೀಲನ್ನು ಕೈಚೀಲದಲ್ಲಿಟ್ಟುಕೊಂಡು, ಕೈಯಲ್ಲೇ ತಪಾಸಣೆ ಮಾಡಿ ಎಂದು ಕೇಳಿಕೊಳ್ಳಿ. ಹೊಸ ಸಿಟಿ ಸ್ಕ್ಯಾನ್ ಮಾದರಿಯ ಯಂತ್ರಗಳು ತೊಳೆಯದ ಫಿಲಂ ಮೇಲೆ ಮಂಜು ಕವಿಸುತ್ತವೆ.

ರೀಲು, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿ ಈಗ ಸಾವಿರ ರೂಪಾಯಿ ದಾಟುತ್ತದೆ. ಅಗ್ಗದ ಹವ್ಯಾಸ ಅಲ್ವೇ ಅಲ್ಲ. ಕಪ್ಪು-ಬಿಳುಪಾದರೆ ಮನೆಯ ಬಚ್ಚಲಲ್ಲೇ ತೊಳೆಯಬಹುದು, ಖರ್ಚು ಇಳಿಯುತ್ತದೆ. ಆದರೆ ಫಿಲಂ ತೊಳೆಯುವ ಡೆವಲಪರ್ ದ್ರಾವಣ ಸಾಮಾನ್ಯವಾಗಿ ಕೇಳುವುದು 20 ಡಿಗ್ರಿ. ಮಂಗಳೂರಿನ ನಲ್ಲಿ ನೀರು ಅಷ್ಟು ತಣ್ಣಗೆ ಯಾವ ತಿಂಗಳಲ್ಲೂ ಬರುವುದಿಲ್ಲ. ಬಕೆಟ್ಟಿಗೆ ಐಸ್ ಹಾಕಿ, ಅದರಲ್ಲಿ ಬಾಟಲಿ ಇಟ್ಟು ತಣಿಸಿಕೊಳ್ಳಬೇಕು. ಕಲರ್‌ಗೆ ಬೇಕಾದ್ದು 38 ಡಿಗ್ರಿ, ಅರ್ಧ ಡಿಗ್ರಿ ಆಚೀಚೆ ಆದರೂ ಬಣ್ಣ ತಪ್ಪುತ್ತದೆ. ಅದನ್ನು ಲ್ಯಾಬಿಗೇ ಬಿಡಿ.

ಲ್ಯಾಬಿಗೆ ಕೊಡುವಾಗ ‘ನೆಗೆಟಿವ್ ವಾಪಸ್ ಬೇಕು’ ಎಂದು ಬಾಯಿಬಿಟ್ಟು ಹೇಳಿ. ಸ್ಕ್ಯಾನ್ ಮಾಡಿ ಮೊಬೈಲಿಗೆ ಕಳಿಸಿ ಸುಮ್ಮನಾಗುವ ಅಂಗಡಿಗಳೂ ಇವೆ. ಸ್ಕ್ಯಾನ್ ಕಳೆದರೆ ನೆಗೆಟಿವ್‌ನಿಂದ ಮತ್ತೆ ಮಾಡಿಸಬಹುದು, ನೆಗೆಟಿವ್ ಕಳೆದರೆ ಕಥೆ ಮುಗಿಯಿತು.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಕವಚದಲ್ಲಿ ಇಡಲೇಬಾರದು. ಚರ್ಮ ತೇವ ಹಿಡಿದುಕೊಂಡು ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಬೆಳೆಸುತ್ತದೆ. ಗಾಳಿಯಾಡದ ಡಬ್ಬಿ, ಅದರೊಳಗೆ ಒಂದಿಷ್ಟು ಸಿಲಿಕಾ ಜೆಲ್, ಅಷ್ಟು ಸಾಕು. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂತಾದರೆ ಸೆಲ್ ತೆಗೆದು ಬೇರೆ ಇಡಿ.